ಹೀಟ್ ಪಂಪ್ ಇರುವ ಮನೆಗೆ ಸೂಕ್ತ ವಿದ್ಯುತ್ ಸಂಪರ್ಕದ ಆಯ್ಕೆ: ಬ್ರೂಕ್‌ಫೀಲ್ಡ್ ಪರಿಸರವನ್ನು ಆಧರಿಸಿದ ಅಧ್ಯಯನ ಪಾಠ

(ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ)

ಬ್ರೂಕ್‌ಫೀಲ್ಡ್ ಇಂದು ಯಾವ ಗ್ರಾಮ ಪಂಚಾಯತಿಯ ವ್ಯಾಪ್ತಿಯಲ್ಲಿಯೂ ಇಲ್ಲ. ಕುಂದಲಹಳ್ಳಿಗೆ ಹೊಂದಿಕೊಂಡ ಈ ಪ್ರದೇಶವು ಮಹದೇವಪುರ ನಗರಸಭೆಯೊಡನೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. ಆದಾಗ್ಯೂ ಅಲ್ಲಿ ಇಂದು ಕಾಣುವ ವಿಲ್ಲಾ, ವಸತಿ ಸಮುಚ್ಚಯ, ಪಿ.ಜಿ. ಕಟ್ಟಡಗಳು ಬೆಂಗಳೂರು ಪೂರ್ವ ತಾಲ್ಲೂಕಿನ ಕನ್ನಮಂಗಲ, ದೊಡ್ಡಬನಹಳ್ಳಿ, ಮಂಡೂರು ಮುಂತಾದ ಪಂಚಾಯತಿಗಳಲ್ಲಿಯೂ ಎದ್ದು ನಿಲ್ಲುತ್ತಿವೆ. ಬ್ರೂಕ್‌ಫೀಲ್ಡಿನ ನಿವಾಸಿಗಳು ಹತ್ತು ವರ್ಷಗಳ ಹಿಂದೆ ಕೇಳಿದ ಪ್ರಶ್ನೆಗಳನ್ನು ಈ ಪಂಚಾಯತಿಗಳ ಹೊಸ ನಿವಾಸಿಗಳು ಈಗ ಸದಸ್ಯರ ಮುಂದೆ ಇಡುತ್ತಿದ್ದಾರೆ. ಅಂತಹ ಪ್ರಶ್ನೆಗಳಲ್ಲಿ ಒಂದನ್ನು ಈ ಪಾಠದಲ್ಲಿ ಪರಿಶೀಲಿಸಲಾಗಿದೆ: ಸ್ನಾನದ ನೀರು ಕಾಯಿಸಲು ಹೀಟ್ ಪಂಪ್ ಅಳವಡಿಸಿದ ಮನೆಗೆ ಯಾವ ವಿದ್ಯುತ್ ಯೋಜನೆ ಲಾಭಕರ?

ಪ್ರಶ್ನೆ ಹೊರದೇಶದಲ್ಲಿದ್ದು ಬಂದವರಿಂದ ಹೆಚ್ಚಾಗಿ ಬರುತ್ತದೆ. ಬ್ರಿಟನ್ನಿನಲ್ಲಿ ವಿದ್ಯುತ್ ಮಾರುವ ಕಂಪನಿಗಳು ಹಲವು. ಹೀಟ್ ಪಂಪ್ ಇರುವ ಮನೆಗಳಿಗೆಂದೇ ದಿನದ ಕೆಲವು ಗಂಟೆ ಅಗ್ಗದ ದರ ನೀಡುವ ಯೋಜನೆಗಳೂ ಅಲ್ಲಿವೆ. ಜರ್ಮನಿಯಲ್ಲಿ ಹೀಟ್ ಪಂಪಿಗೆ ಪ್ರತ್ಯೇಕ ಮೀಟರ್ ಇರಿಸಿ ಪ್ರತ್ಯೇಕ ದರ ಪಡೆಯಬಹುದು. ಅಲ್ಲಿ ವಾಸವಿದ್ದವರು ವೈಟ್‌ಫೀಲ್ಡಿಗೆ ಬಂದು ಮನೆ ಮಾಡಿದಾಗ ಅದೇ ರೂಢಿಯಲ್ಲಿ ‘ಪ್ಲಾನ್’ ಯಾವುದೆಂದು ವಿಚಾರಿಸುತ್ತಾರೆ. ಮುಂಬಯಿಯ ಕೆಲವು ಭಾಗಗಳಲ್ಲಿ ಎರಡು ಕಂಪನಿಗಳ ನಡುವೆ ಆರಿಸಿಕೊಳ್ಳುವ ಅವಕಾಶವುಂಟು. ಬೆಂಗಳೂರು ನಗರ ಜಿಲ್ಲೆಯಲ್ಲಿ ಅದಿಲ್ಲ. 2002ರಲ್ಲಿ ಆರಂಭಗೊಂಡ ಬೆಸ್ಕಾಂ ಒಂದೇ ಇಲ್ಲಿನ ಸರಬರಾಜುದಾರ; ದರವನ್ನು ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹಾಗಾದರೆ ಆಯ್ಕೆಯೇ ಇಲ್ಲವೆಂದು ಉತ್ತರಿಸಿ ಕಳುಹಿಸುವುದು ಸುಲಭ. ಆ ಉತ್ತರ ಸರಿಯಲ್ಲ. ಮನೆಯ ಮಂಜೂರಾದ ವಿದ್ಯುತ್ ಭಾರ ಎಷ್ಟು ಕಿಲೋವ್ಯಾಟ್ ಇರಬೇಕು, ಸಂಪರ್ಕ ಯಾವ ವರ್ಗದ್ದಾಗಿರಬೇಕು, ಯಂತ್ರ ಯಾವ ಗಂಟೆಯಲ್ಲಿ ಓಡಬೇಕು ಎಂಬ ಮೂರೂ ಗ್ರಾಹಕರ ಕೈಯಲ್ಲಿವೆ. ಇವುಗಳಲ್ಲಿ ಮೊದಲನೆಯದೇ ಅತ್ಯಂತ ಮುಖ್ಯ. ಅತ್ಯಂತ ಕಡಿಮೆ ಜನ ಗಮನಿಸುವುದೂ ಅದನ್ನೇ.

ಯಂತ್ರದ ಸ್ವರೂಪ

ಬಾವಿಯ ಪಂಪು ನೀರನ್ನು ಸೃಷ್ಟಿಸುವುದಿಲ್ಲ, ಇದ್ದ ನೀರನ್ನು ಮೇಲಕ್ಕೆತ್ತುತ್ತದೆ. ಹೀಟ್ ಪಂಪ್ ಕೂಡ ಹಾಗೆಯೇ ಸುತ್ತಲಿನ ಗಾಳಿಯಲ್ಲಿರುವ ಶಾಖವನ್ನು ಸೆಳೆದು ತೊಟ್ಟಿಯ ನೀರಿಗೆ ಸಾಗಿಸುತ್ತದೆ. ಫ್ರಿಜ್ಜಿನ ಹಿಂಬದಿ ಬಿಸಿಯಾಗಿರುವುದನ್ನು ಎಲ್ಲರೂ ಕೈಯಿಟ್ಟು ನೋಡಿದ್ದಾರೆ. ಆ ಬಿಸಿಯನ್ನು ವ್ಯರ್ಥಗೊಳಿಸದೆ ನೀರಿಗೆ ಕೊಟ್ಟರೆ ಅದೇ ಹೀಟ್ ಪಂಪ್. ಶಾಖವನ್ನು ಉತ್ಪಾದಿಸುವ ಬದಲು ಸಾಗಿಸುವುದರಿಂದ, ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ನೀರಿಗೆ ಸೇರುತ್ತದೆ. ಗೀಜರಿನಲ್ಲಿ ಒಂದಕ್ಕೆ ಒಂದು ಮಾತ್ರ.

ಲೆಕ್ಕ ಸರಳವಾಗಿದೆ. ನೂರು ಲೀಟರ್ ನೀರನ್ನು 22 ಡಿಗ್ರಿಯಿಂದ 52 ಡಿಗ್ರಿಗೆ ಏರಿಸಲು ಸುಮಾರು 3.5 ಯೂನಿಟ್ ಶಾಖ ಬೇಕು. ಗೀಜರಿನಲ್ಲಿ ತಿಂಗಳಿಗೆ ಇದು 105 ಯೂನಿಟ್ ಆಗುತ್ತದೆ. ಹೀಟ್ ಪಂಪಿನಲ್ಲಿ ಸುಮಾರು 35. ಉಳಿತಾಯ 70 ಯೂನಿಟ್. ಬೆಂಗಳೂರಿನ ಹವೆ ಈ ಯಂತ್ರಕ್ಕೆ ಹೇಳಿ ಮಾಡಿಸಿದಂತಿದೆ. ಯೂರೋಪಿನ ಚಳಿಗಾಲದಲ್ಲಿ ಶೂನ್ಯದ ಕೆಳಗಿನ ಗಾಳಿಯಿಂದಲೂ ಶಾಖ ಹಿಂಡಬೇಕಾದ ಯಂತ್ರಕ್ಕೆ ಇಲ್ಲಿನ ಡಿಸೆಂಬರ್ ಬೆಳಗಿನ ಚಳಿ ಲೆಕ್ಕಕ್ಕಿಲ್ಲ. ಆದರೆ ಇಲ್ಲಿನ ಕೊಳವೆಬಾವಿಯ ಗಡಸು ನೀರು ಬೇರೆಯದೇ ತೊಂದರೆ ತರುತ್ತದೆ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣದ ಪದರವೇ ಯಂತ್ರದೊಳಗೂ ಕಟ್ಟಿಕೊಂಡು ಶಾಖದ ಹರಿವನ್ನು ತಡೆಯುತ್ತದೆ. ಕಾಲಕಾಲಕ್ಕೆ ಶುಚಿಗೊಳಿಸದಿದ್ದಲ್ಲಿ ಮೇಲಿನ ಲೆಕ್ಕ ಕಾಗದದ ಮೇಲಷ್ಟೇ ಉಳಿಯುತ್ತದೆ.

ನಿಗದಿತ ಶುಲ್ಕವೆಂಬ ಗಮನಿಸದ ಸಾಲು

ವಿದ್ಯುತ್ ಬಿಲ್ಲಿನಲ್ಲಿ ಎರಡು ಮುಖ್ಯ ಬಾಬುಗಳಿವೆ. ಮಂಜೂರಾದ ಭಾರದ ಪ್ರತಿ ಕಿಲೋವ್ಯಾಟಿಗೆ ತೆರಬೇಕಾದ ನಿಗದಿತ ಶುಲ್ಕ ಒಂದು. ಬಳಸಿದ ಪ್ರತಿ ಯೂನಿಟ್ಟಿಗೆ ತೆರಬೇಕಾದ ಬಳಕೆ ಶುಲ್ಕ ಇನ್ನೊಂದು. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಮೊದಲನೆಯದು ತಪ್ಪದು.

ಈ ಎರಡು ಬಾಬುಗಳು ಈಚಿನ ಮೂರು ದರ ಆದೇಶಗಳಲ್ಲಿ ವಿರುದ್ಧ ದಿಕ್ಕಿಗೆ ಸಾಗಿರುವುದನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. 2023ರ ಆದೇಶದಂತೆ ತಿಂಗಳಿಗೆ 100 ಯೂನಿಟ್ ಮೀರಿದ ಮನೆಗೆ ಯೂನಿಟ್ಟಿಗೆ 7 ರೂಪಾಯಿ, ನಿಗದಿತ ಶುಲ್ಕ ಕಿಲೋವ್ಯಾಟಿಗೆ 110 ರೂಪಾಯಿ ಇತ್ತು. 2024ರಲ್ಲಿ ಹಂತಗಳನ್ನು ತೆಗೆದುಹಾಕಿ ಎಲ್ಲ ಯೂನಿಟ್‌ಗಳಿಗೂ 5.90 ರೂಪಾಯಿಯ ಒಂದೇ ದರ ಗೊತ್ತುಮಾಡಲಾಯಿತು. ನಿಗದಿತ ಶುಲ್ಕ 120 ರೂಪಾಯಿಗೆ ಏರಿತು. 2025ರ ಮಾರ್ಚ್ ಆದೇಶದ ಪ್ರಕಾರ 2025-26ನೇ ಸಾಲಿಗೆ ಯೂನಿಟ್ ದರ 5.80 ರೂಪಾಯಿಗೆ ಇಳಿದು, ನಿಗದಿತ ಶುಲ್ಕ 145 ರೂಪಾಯಿಗೆ ಏರಿತು. ಇದರ ಜೊತೆಗೆ ಆ ಸಾಲಿನಲ್ಲಿ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬಿನಲ್ಲಿ ಯೂನಿಟ್ಟಿಗೆ 36 ಪೈಸೆ ಸೇರಿತು. ಕಡಿಮೆ ಬಳಸುವುದರಿಂದ ಆಗುವ ಉಳಿತಾಯದ ಬೆಲೆ 2023ಕ್ಕಿಂತ ತಗ್ಗಿ, ಅನಗತ್ಯವಾಗಿ ಇರಿಸಿಕೊಂಡ ಕಿಲೋವ್ಯಾಟಿನ ಬೆಲೆ ಏರುತ್ತಾ ಬಂದಿದೆಯೆಂಬುದು ಇದರ ತಾತ್ಪರ್ಯ.

ಉದಾಹರಣೆಗೆ, 2025-26ರ ದರಗಳಲ್ಲಿ 5 ಕಿಲೋವ್ಯಾಟ್ ಮಂಜೂರಾದ ಮನೆಯೊಂದು ಗೀಜರ್ ಬಳಸುತ್ತಾ ತಿಂಗಳಿಗೆ 260 ಯೂನಿಟ್ ಉಪಯೋಗಿಸುತ್ತದೆಂದು ಭಾವಿಸಬಹುದು. ನಿಗದಿತ ಶುಲ್ಕ 725 ರೂಪಾಯಿ, ಬಳಕೆ ಶುಲ್ಕ 1,508 ರೂಪಾಯಿ, ಪಿಂಚಣಿ ಬಾಬು 93.60 ರೂಪಾಯಿ, ತೆರಿಗೆ ಮತ್ತು ಇಂಧನ ಹೊಂದಾಣಿಕೆ ಶುಲ್ಕ ಬಿಟ್ಟು ಒಟ್ಟು 2,326.60 ರೂಪಾಯಿ. ಹೀಟ್ ಪಂಪ್ ಬಂದ ಮೇಲೆ ಬಳಕೆ 190 ಯೂನಿಟ್ಟಿಗೆ ಇಳಿದರೆ ಬಿಲ್ಲು 1,895.40 ರೂಪಾಯಿಯಾಗುತ್ತದೆ. ಅಂದರೆ ಲಕ್ಷ ರೂಪಾಯಿಗೂ ಮೇಲ್ಪಟ್ಟ ಯಂತ್ರ ತಿಂಗಳಿಗೆ ಉಳಿಸಿದ್ದು 431 ರೂಪಾಯಿ. ಇದೇ ಮನೆಯವರು ಉಪವಿಭಾಗ ಕಚೇರಿಗೆ ಅರ್ಜಿ ಸಲ್ಲಿಸಿ ಮಂಜೂರಾದ ಭಾರವನ್ನು 5ರಿಂದ 3 ಕಿಲೋವ್ಯಾಟಿಗೆ ಇಳಿಸಿಕೊಂಡರೆ ತಿಂಗಳಿಗೆ ಮತ್ತೆ 290 ರೂಪಾಯಿ ಉಳಿಯುತ್ತದೆ. ಈ ಎರಡನೆಯ ಉಳಿತಾಯಕ್ಕೆ ಬೇಕಾದುದು ಒಂದು ಅರ್ಜಿ. ಯಂತ್ರ ಮಾರುವವರು ಇದನ್ನು ಹೇಳುವುದಿಲ್ಲ, ಅವರಿಗೆ ಅದರಿಂದ ಪ್ರಯೋಜನವಿಲ್ಲ. ಯಂತ್ರ ಕೊಂಡು ಅರ್ಜಿ ಸಲ್ಲಿಸದ ಗ್ರಾಹಕರು ತಮಗೆ ಸಿಗಬಹುದಾದ ಲಾಭದಲ್ಲಿ ಐದರಲ್ಲಿ ಎರಡು ಭಾಗವನ್ನು ಬಿಟ್ಟುಕೊಟ್ಟಂತೆ.

ಆದರೆ ಭಾರ ಇಳಿಸುವುದು ಕಣ್ಣು ಮುಚ್ಚಿ ಮಾಡುವ ಕೆಲಸವಲ್ಲ. ಸ್ನಾನದ ಮನೆಯ ಗೀಜರ್ 2 ಕಿಲೋವ್ಯಾಟ್ ಎಳೆಯುತ್ತದೆ. ಮೂರು ಸ್ನಾನದ ಮನೆಗಳಿದ್ದು ಬೆಳಗ್ಗೆ ಏಳಕ್ಕೆ ಮೂರೂ ಒಟ್ಟಿಗೆ ಓಡಿದರೆ 6 ಕಿಲೋವ್ಯಾಟ್. ಇಡೀ ಮನೆಗೆ ನೀರು ಕೊಡುವ 200 ಲೀಟರಿನ ಹೀಟ್ ಪಂಪ್ ಸಾಮಾನ್ಯವಾಗಿ 1 ಕಿಲೋವ್ಯಾಟಿನ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಭಾರ ಇಳಿಸಲು ಅವಕಾಶ ಒದಗುವುದು ಇದರಿಂದಲೇ. ಆದರೆ ಹಲವು ಮಾದರಿಗಳಲ್ಲಿ ತುರ್ತು ಬಳಕೆಗೆಂದು ಗೀಜರಿನಂತಹುದೇ ಕಾಯಿಲ್ ಒಂದನ್ನು ಒಳಗೆ ಇರಿಸಿರುತ್ತಾರೆ. ಅದು ತಾನಾಗಿ ಚಾಲೂ ಆಗುವಂತೆ ಬಿಟ್ಟರೆ 1 ಕಿಲೋವ್ಯಾಟಿನ ಯಂತ್ರ ಇದ್ದಕ್ಕಿದ್ದಂತೆ 2.5 ಅಥವಾ 3 ಕಿಲೋವ್ಯಾಟ್ ಎಳೆಯುತ್ತದೆ. ಆದಕಾರಣ ಯಂತ್ರದ ಮೇಲಿನ ತಗಡಿನ ಫಲಕದಲ್ಲಿ ನಮೂದಿಸಿರುವ ಎರಡೂ ಅಂಕಿಗಳನ್ನು ಓದಬೇಕು. ಇಂಡಕ್ಷನ್ ಒಲೆ, ಎ.ಸಿ., ಬಿಸಿನೀರಿನ ವಾಷಿಂಗ್ ಮೆಷಿನ್ ಇರುವ ಮನೆಗೆ 3 ಕಿಲೋವ್ಯಾಟ್ ಸಾಲದಿರಬಹುದು. ಇವುಗಳಲ್ಲಿ ಒಂದೊಂದನ್ನೇ ಬಳಸುವ ಶಿಸ್ತಿರುವ ಮನೆಗೆ ಸಾಕಾಗಬಹುದು. ಊಹೆಗಿಂತ ಮೀಟರಿನಲ್ಲಿ ದಾಖಲಾಗುವ ಗರಿಷ್ಠ ಬೇಡಿಕೆಯ ಅಂಕಿಯೇ ನಂಬಿಕೆಗೆ ಅರ್ಹ.

ಬೇಡಿಕೆ ಒಂದು ದಿನ ಮಂಜೂರಾತಿಯನ್ನು ಮೀರಿದರೆ ದಂಡ ಬೀಳುವುದೆಂಬ ಭಯ ಸಾಮಾನ್ಯ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತಂದ ತಿದ್ದುಪಡಿಯ ಪ್ರಕಾರ, ಸ್ಮಾರ್ಟ್ ಮೀಟರ್ ಅಳವಡಿಸಿದ ಬಳಿಕ ಅದರಲ್ಲಿ ಕಂಡ ಗರಿಷ್ಠ ಬೇಡಿಕೆಯನ್ನು ಆಧರಿಸಿ ಹಿಂದಿನ ಅವಧಿಗೆ ದಂಡ ವಿಧಿಸುವಂತಿಲ್ಲ. ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಬಾರಿ ಮಿತಿ ಮೀರಿದಲ್ಲಿ ಮಾತ್ರ ಮಂಜೂರಾದ ಭಾರವನ್ನು ಏರಿಸಬಹುದು. ಬೆಸ್ಕಾಂ 2025ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಅಳವಡಿಸುತ್ತಿರುವುದರಿಂದ, ಹೊಸ ಬಡಾವಣೆಗಳ ನಿವಾಸಿಗಳು ಈ ನಿಯಮವನ್ನು ತಿಳಿದಿರುವುದು ಒಳ್ಳೆಯದು.

ಗೃಹಜ್ಯೋತಿ ಇರುವ ಮನೆಯ ಲೆಕ್ಕವೇ ಬೇರೆ

ಮೇಲಿನ ಲೆಕ್ಕವೆಲ್ಲ ಪೂರ್ಣ ಬಿಲ್ಲು ಪಾವತಿಸುವ ಮನೆಗೆ ಅನ್ವಯಿಸುತ್ತದೆ. ಪಂಚಾಯತಿಯ ಹಳೆಯ ಗ್ರಾಮಠಾಣಾ ಮನೆಗಳಲ್ಲಿ ಹೆಚ್ಚಿನವು ಗೃಹಜ್ಯೋತಿಯ ಫಲಾನುಭವಿಗಳು. 2022-23ನೇ ಸಾಲಿನ ಸರಾಸರಿ ಬಳಕೆಗೆ ಶೇ. 10ರಷ್ಟು ಸೇರಿಸಿದ ಪ್ರಮಾಣ ಸಾಮಾನ್ಯವಾಗಿ ಆ ಮನೆಯ ಅರ್ಹತೆ. ಅದನ್ನು ಮೀರಿ 200 ಯೂನಿಟ್ ಒಳಗೆ ಬಳಸಿದಲ್ಲಿ ಹೆಚ್ಚುವರಿಗೆ ಮಾತ್ರ ಹಣ ಕಟ್ಟಬೇಕು. 200 ದಾಟಿದ ತಿಂಗಳು ಪೂರ್ಣ ಬಿಲ್ಲು ಕಟ್ಟಬೇಕು. ಹಿಂದಿನ ಬಳಕೆಯ ದಾಖಲೆಯಿಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿಯ ಆಧಾರದಲ್ಲಿ 58 ಯೂನಿಟ್ ನಿಗದಿಯಾಗಿದೆ.

ಸರಾಸರಿ 170 ಯೂನಿಟ್ ಇದ್ದ ಮನೆಯ ಅರ್ಹತೆ 187. ಡಿಸೆಂಬರ್‌ನಲ್ಲಿ ಆ ಮನೆ 199 ಯೂನಿಟ್ ಬಳಸಿದರೆ ಕಟ್ಟಬೇಕಾದುದು 12 ಯೂನಿಟ್ಟಿನ ಶುಲ್ಕ, ಸುಮಾರು 70 ರೂಪಾಯಿ ಮತ್ತು ಅದರ ಮೇಲಿನ ಇತರ ಬಾಬು. ಹಬ್ಬಕ್ಕೆ ನೆಂಟರು ಬಂದು ಬಳಕೆ 212ಕ್ಕೆ ಏರಿದರೆ, 2 ಕಿಲೋವ್ಯಾಟ್ ಸಂಪರ್ಕದ ನಿಗದಿತ ಶುಲ್ಕವೂ ಸೇರಿ ಬಿಲ್ಲು 1,600 ರೂಪಾಯಿಯ ಹತ್ತಿರ ಬರುತ್ತದೆ. ವ್ಯತ್ಯಾಸ 13 ಯೂನಿಟ್, ಗೀಜರಿನಲ್ಲಿ ನಾಲ್ಕು ದಿನ ಕಾಯಿಸುವ ನೂರು ನೂರು ಲೀಟರ್ ನೀರು. ಕೂಲಿಯ ಮೇಲೆ ಬದುಕುವ ಮನೆಗೆ ಇದು ಸಣ್ಣ ಪೆಟ್ಟಲ್ಲ. ಗ್ರಾಮಸಭೆಯಲ್ಲಿ ‘ಕರೆಂಟು ಫ್ರೀ ಅಂದಿದ್ದರಲ್ಲ’ ಎಂದು ಸದಸ್ಯರನ್ನು ತರಾಟೆಗೆ ತೆಗೆದುಕೊಳ್ಳುವ ಪ್ರಸಂಗಗಳಲ್ಲಿ ಬಹುಪಾಲು ಇಂತಹ ಬಿಲ್ಲಿನವೇ ಆಗಿರುತ್ತವೆ.

ಹಾಗೆಂದು ಈ ಮನೆಗೆ ಹೀಟ್ ಪಂಪ್ ಕೊಳ್ಳಲು ಸಲಹೆ ನೀಡುವುದು ತಪ್ಪಾಗುತ್ತದೆ. ಉಳಿದ ತಿಂಗಳುಗಳಲ್ಲಿ ಈಗಾಗಲೇ ಬಿಲ್ಲು ಶೂನ್ಯವಿರುವುದರಿಂದ ಯಂತ್ರ ಉಳಿಸುವ ಯೂನಿಟ್‌ಗಳಿಗೆ ಅವರ ಕೈಯಲ್ಲಿ ಬೆಲೆಯೇ ಇಲ್ಲ. ಚಳಿಗಾಲದ ಎರಡು ತಿಂಗಳು ಮೀಟರಿನ ಮೇಲೆ ಕಣ್ಣಿಡುವುದು, ನೆಂಟರು ಬಂದ ದಿನ ಬಚ್ಚಲ ಹಂಡೆಗೆ ಉರಿ ಹಾಕುವುದು ಸಾಕು. ಬಿಸಿಲು ಬೀಳುವ ಮಾಳಿಗೆ ಇದ್ದಲ್ಲಿ ಸೋಲಾರ್ ನೀರು ಕಾಯಿಸುವ ಸಾಧನ ಹೀಟ್ ಪಂಪಿಗಿಂತ ಬಹಳ ಅಗ್ಗ. ಸ್ವಂತ ಮಾಳಿಗೆಯ ಮನೆಗೆ ಅದೇ ಮೊದಲ ಆಯ್ಕೆಯಾಗಬೇಕು. ಹೀಟ್ ಪಂಪಿಗೆ ನ್ಯಾಯವಾದ ಸ್ಥಳವೆಂದರೆ ಮಾಳಿಗೆಯ ಪಾಲಿಲ್ಲದ ಫ್ಲಾಟು, ನೆರಳಿನಲ್ಲಿ ಸಿಲುಕಿದ ಕಟ್ಟಡ, ಮತ್ತು ದಿನಕ್ಕೆ ಮುನ್ನೂರು ಲೀಟರಿಗೂ ಹೆಚ್ಚು ಬಿಸಿನೀರು ಬೇಕಾಗುವ ದೊಡ್ಡ ಕುಟುಂಬ. ಅಲ್ಲಿ ತಿಂಗಳಿಗೆ 210 ಯೂನಿಟ್ ಉಳಿದು ಯಂತ್ರದ ಹಣ ಏಳೆಂಟು ವರ್ಷಗಳಲ್ಲಿ ಹಿಂತಿರುಗಬಹುದು. ದಿನಕ್ಕೆ ನೂರು ಲೀಟರ್ ಬಳಸುವ ಮನೆಯಲ್ಲಿ ಯಂತ್ರವೇ ಸವೆದು ಹೋಗುತ್ತದೆ, ಹಣ ಮರಳುವುದಿಲ್ಲ.

ಬಾಡಿಗೆದಾರರ ವಿಷಯದಲ್ಲಿ ಒಂದು ಮಾತು. ಮನೆ ಬದಲಿಸುವಾಗ ಹಳೆಯ ಆರ್.ಆರ್. ಸಂಖ್ಯೆಯೊಂದಿಗಿನ ಆಧಾರ್ ಜೋಡಣೆಯನ್ನು ಸೇವಾಸಿಂಧುವಿನಲ್ಲಿ ಬಿಡಿಸಿಕೊಳ್ಳದಿದ್ದಲ್ಲಿ ಹೊಸ ಮನೆಯಲ್ಲಿ ಗೃಹಜ್ಯೋತಿ ದೊರೆಯದು.

ಸಂಪರ್ಕದ ವರ್ಗ

ಬ್ರೂಕ್‌ಫೀಲ್ಡಿನ ದೊಡ್ಡ ಸಮುಚ್ಚಯಗಳಲ್ಲಿ ಎರಡು ಪದ್ಧತಿಗಳಿವೆ. ಪ್ರತಿ ಫ್ಲಾಟಿಗೂ ಬೆಸ್ಕಾಂನ ಸ್ವಂತ ಮೀಟರ್ ಇರುವುದು ಒಂದು. ಇಡೀ ಸಮುಚ್ಚಯಕ್ಕೆ ಎಚ್.ಟಿ. ಸಂಪರ್ಕವೊಂದನ್ನು ಪಡೆದು, ಸಂಘವು ಒಳಗೆ ಹಂಚಿಕೊಳ್ಳುವುದು ಇನ್ನೊಂದು. ಎರಡನೆಯ ಪದ್ಧತಿಯಲ್ಲಿ ನಿವಾಸಿಗೆ ಭಾರ ಇಳಿಸುವ ಸ್ವಾತಂತ್ರ್ಯವಿಲ್ಲ. ಸಂಘ ಹಾಕುವ ದರವೇ ದರ. ಹೊಸ ಸಮುಚ್ಚಯದ ಫ್ಲಾಟು ಕೊಳ್ಳುವವರು ಈಜುಕೊಳದ ಅಳತೆ ವಿಚಾರಿಸುವ ಮುನ್ನ ಮೀಟರ್ ಯಾರದೆಂದು ವಿಚಾರಿಸಬೇಕೆಂದು ಸದಸ್ಯರು ಧೈರ್ಯವಾಗಿ ಹೇಳಬಹುದು.

ಪಿ.ಜಿ. ನಡೆಸುವವರಿಗೆ ಎಚ್ಚರಿಕೆ ಅಗತ್ಯ. ಗೃಹಬಳಕೆಗೆಂದು ಪಡೆದ ಸಂಪರ್ಕವನ್ನು ಬೇರೆ ಉದ್ದೇಶಕ್ಕೆ ಬಳಸಿದ್ದು ತಪಾಸಣೆಯಲ್ಲಿ ಕಂಡುಬಂದರೆ, 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಪ್ರಕರಣದಂತೆ ಅನ್ವಯವಾಗುವ ದರದ ಎರಡು ಪಟ್ಟು ವಸೂಲಿ ಮಾಡಲು ಅವಕಾಶವಿದೆ. ನಲವತ್ತು ಮಂದಿ ವಾಸವಿರುವ ಕಟ್ಟಡಕ್ಕೆ ಹೀಟ್ ಪಂಪ್ ನಿಜಕ್ಕೂ ಲಾಭಕರ. ಆದರೆ ಅದನ್ನು ಅಳವಡಿಸುವ ಮುನ್ನ ಸಂಪರ್ಕದ ವರ್ಗವನ್ನು ಉಪವಿಭಾಗ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳದಿದ್ದರೆ ಹತ್ತು ವರ್ಷದ ಉಳಿತಾಯ ಒಂದು ನೋಟೀಸಿನಲ್ಲಿ ಹೋಗುತ್ತದೆ.

ಗಂಟೆಯ ಪ್ರಶ್ನೆ

2025-26ರ ದರಪಟ್ಟಿಯಲ್ಲಿ ಗೃಹಬಳಕೆಗೆ ಹಗಲು ರಾತ್ರಿ ಒಂದೇ ದರವಿತ್ತು. ಆದರೆ ಮೇಲೆ ಹೇಳಿದ 2023ರ ತಿದ್ದುಪಡಿ ಇನ್ನೊಂದು ದಾರಿಯನ್ನೂ ತೆರೆದಿದೆ: ಸ್ಮಾರ್ಟ್ ಮೀಟರ್ ಇರುವ ಗ್ರಾಹಕರಿಗೆ ಬಿಸಿಲಿನ ಗಂಟೆಗಳಲ್ಲಿ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20ರಷ್ಟು ಕಡಿಮೆ, ಹೆಚ್ಚು ಬೇಡಿಕೆಯ ಗಂಟೆಗಳಲ್ಲಿ ಗೃಹಬಳಕೆಗೆ ಕನಿಷ್ಠ ಶೇ. 10ರಷ್ಟು ಹೆಚ್ಚು. 2025-26ರ ದರಕ್ಕೆ ಅನ್ವಯಿಸಿದರೆ ಹಗಲು 4.64 ರೂಪಾಯಿ, ಬೇಡಿಕೆಯ ಹೊತ್ತು 6.38 ರೂಪಾಯಿ. ತಿಂಗಳಿಗೆ 35 ಯೂನಿಟ್ ಬಳಸುವ ಹೀಟ್ ಪಂಪನ್ನು ಬೇಡಿಕೆಯ ಹೊತ್ತಿನಿಂದ ಮಧ್ಯಾಹ್ನಕ್ಕೆ ಸರಿಸಿದರೆ ಉಳಿಯುವುದು 61 ರೂಪಾಯಿ. ದೊಡ್ಡ ಮೊತ್ತವಲ್ಲ. ಆದರೂ ಯಂತ್ರವನ್ನು ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವೆ ಓಡಿಸುವುದಕ್ಕೆ ದರದ ಹೊರತಾಗಿಯೂ ಕಾರಣವಿದೆ. ಆಗ ಗಾಳಿ ಬೆಚ್ಚಗಿರುತ್ತದೆ. ಬೆಚ್ಚನೆಯ ಗಾಳಿಯಿಂದ ಶಾಖ ಎತ್ತಲು ಕಡಿಮೆ ವಿದ್ಯುತ್ ಸಾಕು. ಒಳ್ಳೆಯ ಹೊದಿಕೆಯ ತೊಟ್ಟಿಯಲ್ಲಿ ಮರುದಿನ ಬೆಳಗಿನವರೆಗೂ ನೀರು ಸ್ನಾನಕ್ಕೆ ಸಾಕಾಗುವಷ್ಟು ಬಿಸಿಯಾಗಿರುತ್ತದೆ. ಯಂತ್ರದ ಟೈಮರ್ ಅನ್ನು ಒಮ್ಮೆ ಹೊಂದಿಸಿದರೆ ಸಾಲದು. ಕರೆಂಟು ಹೋಗಿ ಬಂದಾಗ ಕೆಲವು ಮಾದರಿಗಳಲ್ಲಿ ಗಡಿಯಾರ ಮೊದಲಿಗೆ ಮರಳುವುದರಿಂದ ಆಗಾಗ ನೋಡುತ್ತಿರಬೇಕು.

ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿದವರಿಗೂ ಇದೇ ಹೊತ್ತು ಅನುಕೂಲ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಘಟಕಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ನೆಟ್ ಮೀಟರ್ ಇರುವವರೆಗೆ ಗಂಟೆಯ ವ್ಯತ್ಯಾಸ ಬಿಲ್ಲಿನಲ್ಲಿ ಕಾಣದು.

ಅರ್ಜಿಯ ಸಮಯ

ಭಾರ ಇಳಿಸಿಕೊಳ್ಳಲು ಇಚ್ಛಿಸುವವರು ಹೀಟ್ ಪಂಪ್ ಅಳವಡಿಸಿದ ಮರುದಿನವೇ ಅರ್ಜಿ ಸಲ್ಲಿಸುವುದು ವಿವೇಕವಲ್ಲ. ಡಿಸೆಂಬರ್-ಜನವರಿಯ ಬಿಸಿನೀರಿನ ಬಳಕೆಯನ್ನೂ, ಮಾರ್ಚ್‌ನಿಂದ ಮೇ ವರೆಗಿನ ಎ.ಸಿ. ಬಳಕೆಯನ್ನೂ ಮೀಟರ್ ಒಮ್ಮೆ ಕಂಡಿರಬೇಕು. ಇಳಿಸಿದ ಭಾರವನ್ನು ಮತ್ತೆ ಏರಿಸಬೇಕಾಗಿ ಬಂದರೆ ಶುಲ್ಕ ಮತ್ತು ಠೇವಣಿಯ ವೆಚ್ಚ ತಗಲುತ್ತದೆ. ಆದುದರಿಂದ ಮೇ ತಿಂಗಳ ಬಿಲ್ಲು ಕೈಸೇರಿದ ಬಳಿಕ ಹನ್ನೆರಡು ತಿಂಗಳ ಬಿಲ್ಲುಗಳು, ಯಂತ್ರದ ಫಲಕದ ಛಾಯಾಚಿತ್ರ ಹಾಗೂ ಮೀಟರಿನಲ್ಲಿ ದಾಖಲಾದ ಗರಿಷ್ಠ ಬೇಡಿಕೆಯ ವಿವರದೊಂದಿಗೆ ಜೂನ್‌ನಲ್ಲಿ ಉಪವಿಭಾಗ ಕಚೇರಿಗೆ ತೆರಳುವಂತೆ ತಿಳಿಸತಕ್ಕದ್ದು. ಹಳೆಯ ಗೀಜರ್‌ಗಳನ್ನು ‘ಇರಲಿ’ ಎಂದು ಗೋಡೆಯ ಮೇಲೆಯೇ ಉಳಿಸಿಕೊಂಡವರು ಅರ್ಜಿಗೆ ಮುನ್ನ ಅವುಗಳ ಸಂಪರ್ಕವನ್ನು ಕಡಿಸಬೇಕು. ಇಲ್ಲವಾದಲ್ಲಿ ಪರಿಶೀಲನೆಗೆ ಬರುವ ಸಿಬ್ಬಂದಿ ಅವುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.